ಅಡಿಕೆ ಸೀಸನ್ ಪೂರ್ತಿ ರಾಜ್ಯಸಭೆ ಲೈವ್ ನೋಡಿದ ಮೇಲೆ ಬರೀತಿರೋ ರಿವ್ಯೂ

ಸ್ಟಾರ್ ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರು. ಅಷ್ಟೇ ಬೇಕಿದ್ದೋರು ಇಲ್ಲೇ ಎದ್ದು ಹೋಗ್ಬೋದು, ಬೇಜಾರಿಲ್ಲ. ಉಳಿದೋರು ಒಂದು ಲೋಟ ಕಾಫಿ ಇಟ್ಕೊಂಡು ಕೂತ್ಕೊಳ್ಳಿ, ಇದು ಸ್ವಲ್ಪ ಉದ್ದ ಆಗತ್ತೆ.

ನಮ್ಮದು ತೀರ್ಥಹಳ್ಳಿ ಕಡೆ. ಕೊನೆ ಕೊಯ್ಲು ಶುರುವಾಯ್ತು ಅಂದ್ರೆ ಡಿಸೆಂಬರ್ ಜನವರಿ ಪೂರ್ತಿ ನಮ್ಮ ಬದುಕು ಅಂಗಳದಲ್ಲೇ. ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯ್ತಿರತ್ತೆ, ಇನ್ನೊಂದು ಕಡೆ ಏಳೆಂಟು ಜನ ಮೆಟ್ಟುಗತ್ತಿ ಮುಂದೆ ಕೂತು ಸುಲೀತಿರ್ತಾರೆ, ಕೈ ಕೆಲಸ ಮಾಡತ್ತೆ ಆದ್ರೆ ಕಿವಿ ಖಾಲಿ ಇರತ್ತಲ್ಲ, ಅದಕ್ಕೆ ಏನಾದ್ರೂ ಬೇಕು. ಹಾಗಾಗಿ ಜಗಲಿ ಮೇಲೆ ಒಂದು ಟಿವಿ ತಂದಿಡೋದು ನಮ್ಮನೆ ರೂಢಿ. ಪ್ರತಿ ವರ್ಷ ಸೀರಿಯಲ್ಲು, ಇಲ್ಲಾಂದ್ರೆ ಯಕ್ಷಗಾನ. ಈ ಸಲ ಮಾತ್ರ ರಾಜ್ಯಸಭೆ.

ಯಾಕೆ ಅಂದ್ರೆ ನಮ್ಮ ಮಾವನ ದೆಸೆಯಿಂದ. ಮಾವ ಒಂದು ಕಾಲದಲ್ಲಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೋರು, ರಾಜಕೀಯ ಅಂದ್ರೆ ಊಟ ಬಿಟ್ಟು ಮಾತಾಡ್ತಾರೆ. ಹಬ್ಬದ ದಿನ ಊಟಕ್ಕೆ ಕೂತಾಗ ಶುರು ಮಾಡಿದ್ರು, "ಈ ರಾಜ್ಯಸಭೆ ಅನ್ನೋದು ದಂಡ ಕಣಾ, ಎಲೆಕ್ಷನ್ನಲ್ಲಿ ಸೋತೋರಿಗೆ ಗಂಜಿ ಕೇಂದ್ರ, ಮುಚ್ಚಿ ಬಿಸಾಕ್ಬೇಕು." ನಾನು ಸುಮ್ನಿರದೆ, ನೀವು ಒಂದು ದಿನನಾದ್ರೂ ನೋಡಿದೀರಾ ಮಾವ ಅಂದೆ. ಇಲ್ಲ. ನಾನೂ ನೋಡಿರ್ಲಿಲ್ಲ ಬಿಡಿ. ಅಲ್ಲಿಗೆ ಬಾಜಿ ಬಿತ್ತು, ಒಂದು ಸೀಸನ್ ಪೂರ್ತಿ ನೋಡೋದು, ಆಮೇಲೆ ಮುಚ್ಚಬೇಕೋ ಬಿಡಬೇಕೋ ಅಂತ ಹೇಳೋದು. ಚಳಿಗಾಲದ ಅಧಿವೇಶನಕ್ಕೂ ನಮ್ಮ ಸುಲಿಯೋ ಕೆಲಸಕ್ಕೂ ಟೈಮ್ ಸರಿಯಾಗಿ ಕೂಡತ್ತೆ, ಆಮೇಲೆ ಬಜೆಟ್ ಅಧಿವೇಶನ ಬರೋ ಹೊತ್ತಿಗೆ ಇನ್ನೊಂದು ಕೊಯ್ಲು. ಪಂಚಾಂಗ ನೋಡಿ ಮಾಡಿದಂಗಿದೆ.

ಮೊದ್ಲು ನೋಡೋ ವ್ಯವಸ್ಥೆ ಬಗ್ಗೆ. ಚಾರ್ಜ್ ಇಲ್ಲ, ಡೇಟಾ ಮಾತ್ರ ಹೋಗತ್ತೆ. ಮೊದಲು ಲೋಕಸಭಾ ಟಿವಿ ಬೇರೆ ರಾಜ್ಯಸಭಾ ಟಿವಿ ಬೇರೆ ಇತ್ತಲ್ಲ, 2021ರಲ್ಲಿ ಎರಡನ್ನೂ ಕೂಡಿಸಿ ಸಂಸದ್ ಟಿವಿ ಅಂತ ಮಾಡಿದ್ದಾರೆ, ಯೂಟ್ಯೂಬಲ್ಲೇ ಸಿಗತ್ತೆ. ಯಾವ ಮನೆ ಅಂತ ಗೊತ್ತಾಗೋಕೆ ಒಂದು ಟಿಪ್ಸ್ ಹೇಳ್ತೀನಿ, ಕಾರ್ಪೆಟ್ ನೋಡಿ. ಹಸಿರಿದ್ರೆ ಲೋಕಸಭೆ, ಕೆಂಪಿದ್ರೆ ರಾಜ್ಯಸಭೆ. ಹೊಸ ಬಿಲ್ಡಿಂಗ್ 2023ರಲ್ಲಿ ಆದ ಮೇಲೂ ಬಣ್ಣ ಬದಲಾಗಿಲ್ಲ, ರಾಜ್ಯಸಭೆಗೆ ಕಮಲದ ಡಿಸೈನು ಲೋಕಸಭೆಗೆ ನವಿಲು. ನೆಟ್‌ವರ್ಕ್ ಬಗ್ಗೆ ನಾನು ಏನೂ ಹೇಳಲ್ಲ, ಮಲೆನಾಡಲ್ಲಿ ಇರೋರಿಗೆ ಹೇಳೋದು ಬೇಡ, ಇಲ್ದಿರೋರಿಗೆ ಹೇಳಿದ್ರೆ ಅರ್ಥ ಆಗಲ್ಲ. ಒಂದು ಮುಖ್ಯವಾದ ಮಾತು ನಡೀತಿರುವಾಗ ಆ ಎಂಪಿ ಬಾಯಿ ತೆಗೆದು ಕೈ ಮೇಲೆತ್ತಿ ಹಾಗೇ ನಿಂತುಬಿಟ್ರು, ಹತ್ತು ನಿಮಿಷ ಹಾಗೇ, ಸುಲಿಯೋಕೆ ಬರೋ ಅಕ್ಕ "ಪಾಪ ಗ್ರಹಚಾರ, ಏನಾಯ್ತೋ" ಅಂದ್ರು.

ಬೆಳಿಗ್ಗೆ ಹನ್ನೊಂದಕ್ಕೆ ಶುರು. ಮೊದ್ಲು ಪೇಪರ್ ಮಂಡಿಸೋದು ಅದು ಇದು, ಆಮೇಲೆ ಶೂನ್ಯವೇಳೆ, ಅಂದ್ರೆ ಸದಸ್ಯರು ತಮ್ಮ ಕಡೆಯ ತುರ್ತು ವಿಷಯ ಎತ್ತೋ ಹೊತ್ತು, ಹನ್ನೆರಡಕ್ಕೆ ಪ್ರಶ್ನೋತ್ತರ. ಲೋಕಸಭೆಯಲ್ಲಿ ಪ್ರಶ್ನೋತ್ತರನೇ ಹನ್ನೊಂದಕ್ಕೆ, ಇಲ್ಲಿ ಉಲ್ಟಾ. ಶೂನ್ಯವೇಳೆ ನಮಗೆ ಬಹಳ ಇಷ್ಟ ಆಯ್ತು. ಒಬ್ಬೊಬ್ಬರಿಗೆ ಮೂರೇ ನಿಮಿಷ, ಮೂರು ನಿಮಿಷ ಆಯ್ತೋ ಮೈಕ್ ಕಟ್, ವಾಕ್ಯ ಅರ್ಧಕ್ಕೆ ನಿಂತ್ರೂ ಕಟ್. ನಮ್ಮೂರ ಸಭೆಗಳಲ್ಲಿ ಅಧ್ಯಕ್ಷೀಯ ಭಾಷಣ ಕೇಳಿ ಬೆಳೆದೋರಿಗೆ ಇದು ಸ್ವರ್ಗ ಮಾರ್ರೆ, ಈ ಮಷಿನ್ ಒಂದು ನಮ್ಮ ಸೊಸೈಟಿ ವಾರ್ಷಿಕ ಸಭೆಗೆ ಬೇಕಿತ್ತು. ಒಬ್ರು ರೈಲು ನಿಲ್ದಾಣ ಕೇಳ್ತಾರೆ, ಇನ್ನೊಬ್ರು ಆನೆ ಕಾಟ, ಮತ್ತೊಬ್ರು ಅಂಗನವಾಡಿ ಕಾರ್ಯಕರ್ತೆಯರ ಗೌರವಧನ. ದೇಶ ಅಂದ್ರೆ ಇಷ್ಟೆಲ್ಲಾ ಜನರ ಇಷ್ಟೆಲ್ಲಾ ಸಣ್ಣ ಸಣ್ಣ ತಾಪತ್ರಯನಾ ಅಂತ ಅನ್ಸತ್ತೆ. ಅಡಿಕೆ ಬಗ್ಗೆ, ಎಲೆಚುಕ್ಕಿ ರೋಗದ ಬಗ್ಗೆ ಯಾರಾದ್ರೂ ಎದ್ದು ನಿಲ್ತಾರಾ ಅಂತ ನಾವು ದಿನಾ ಕಾದ್ವಿ, ನಾವು ನೋಡಿದ ದಿನಗಳಲ್ಲಿ ನಮ್ಮ ಅದೃಷ್ಟಕ್ಕೆ ಯಾರೂ ಸಿಗ್ಲಿಲ್ಲ.

ಎರಡನೇ ದಿನನೇ ಆ ಅಕ್ಕ ಕೇಳಿದ್ದು, "ತಮ್ಮ, ಇವ್ರಿಗೆಲ್ಲ ನಾವ್ ಯಾವಾಗ ಓಟು ಹಾಕಿದ್ದು?"

ಹಾಕಿಲ್ಲ ಅಕ್ಕ, ನಾವು ಓಟು ಹಾಕಿದ ಎಂಎಲ್‌ಎಗಳು ಇವ್ರಿಗೆ ಹಾಕೋದು ಅಂದೆ.

"ಹಂಗಾದ್ರೆ ಇವ್ರು ಹೆದ್ರೋದು ಯಾರಿಗೆ?"

ಕತ್ತಿ ಮೇಲಿನ ಕಣ್ಣು ತೆಗೀದೆ ಕೇಳಿದ್ರು. ನಾನು ಉತ್ತರ ಕೊಡೋಕೆ ಹೋಗಿ ಅರ್ಧ ಗಂಟೆ ತಗೊಂಡೆ, ಅವ್ರಷ್ಟು ಚೆನ್ನಾಗಿ ಹೇಳೋಕೆ ಬರ್ಲಿಲ್ಲ. ಆದ್ರೂ ಹೇಳಿದ್ದು ಇಷ್ಟು. ಒಟ್ಟು 245 ಸೀಟು, ಅದ್ರಲ್ಲಿ 233 ಎಲೆಕ್ಷನ್ನಿಂದ, 12 ಜನನ್ನ ರಾಷ್ಟ್ರಪತಿ ನಾಮಕರಣ ಮಾಡೋದು. ಕರ್ನಾಟಕಕ್ಕೆ 12 ಸೀಟು. ಆರು ವರ್ಷದ ಅವಧಿ, ಆದ್ರೆ ಎಲ್ರೂ ಒಟ್ಟಿಗೆ ಮನೆಗೆ ಹೋಗಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಹೋಗತ್ತೆ ಹೊಸಬ್ರು ಬರ್ತಾರೆ. 1952ರಲ್ಲಿ ಶುರುವಾದ ಮನೆ ಇವತ್ತಿನವರೆಗೆ ಒಮ್ಮೆನೂ ವಿಸರ್ಜನೆ ಆಗಿಲ್ಲ, ಆಗೋ ಹಂಗೂ ಇಲ್ಲ. ನಮ್ಮ ತೋಟದಲ್ಲಿ ಹಳೇ ಮರ ಬಿದ್ದ ಜಾಗದಲ್ಲಿ ಎಡೆಸಸಿ ಇಡ್ತೀವಲ್ಲ, ಇಡೀ ತೋಟ ಒಟ್ಟಿಗೆ ಕಡಿಯಲ್ಲ, ಹಾಗೇ.

ಈ ಎಲೆಕ್ಷನ್ ಲೆಕ್ಕ ಒಂದು ಮಜಾ ಇದೆ. ನಮ್ಮ ವಿಧಾನಸಭೆಯಲ್ಲಿ 224 ಜನ, ನಾಲ್ಕು ಸೀಟು ಖಾಲಿ ಆದ್ರೆ ಒಬ್ರು ಗೆಲ್ಲೋಕೆ 45 ಮೊದಲ ಪ್ರಾಶಸ್ತ್ಯದ ಮತ ಇದ್ರೆ ಸಾಕು. ಪದವೀಧರ ಕ್ಷೇತ್ರದಲ್ಲಿ ಓಟು ಹಾಕಿದೋರಿಗೆ ಇದು ಗೊತ್ತಿರತ್ತೆ, 1, 2, 3 ಅಂತ ಬರೀಬೇಕು, ಅವ್ರು ಕೊಟ್ಟ ಪೆನ್ನಲ್ಲೇ ಬರೀಬೇಕು. ಪೆನ್ ಅಂದ್ರೆ ತಮಾಷೆ ಅಲ್ಲ, 2016ರಲ್ಲಿ ಹರಿಯಾಣದಲ್ಲಿ ಬೇರೆ ಇಂಕಲ್ಲಿ ಬರೆದ್ರು ಅಂತ ಹತ್ತಕ್ಕಿಂತ ಹೆಚ್ಚು ಎಂಎಲ್‌ಎಗಳ ಓಟೇ ಕುಲಗೆಟ್ಟು ಹೋಗಿ ಗೆಲ್ಲಬೇಕಾದೋರು ಸೋತ್ರು. ಇನ್ನು ಓಟು ಗುಟ್ಟಿನದಲ್ಲ, ಪಾರ್ಟಿ ಏಜೆಂಟ್‌ಗೆ ತೋರಿಸಿ ಹಾಕ್ಬೇಕು, 2003ರಲ್ಲಿ ಹಂಗೆ ಕಾನೂನು ಮಾಡಿದ್ರು. ತೋರಿಸಿ ಹಾಕೋದಾದ್ರೆ ರೆಸಾರ್ಟ್ ಯಾಕೆ ಅಂತ ಅತ್ತೆ ಕೇಳಿದ್ರು, ಅದಕ್ಕೆ ಮಾವನ ಹತ್ರನೂ ಉತ್ತರ ಇರ್ಲಿಲ್ಲ, ಅಪರೂಪ.

ಅದೇ 2003ರ ತಿದ್ದುಪಡಿಯಲ್ಲಿ ಇನ್ನೊಂದು ಕೆಲಸ ಆಯ್ತು, ನನ್ನ ಪ್ರಕಾರ ಒಂದು ಸ್ಟಾರ್ ಅಲ್ಲೇ ಹೋಯ್ತು. ಮೊದ್ಲು ಕರ್ನಾಟಕದಿಂದ ರಾಜ್ಯಸಭೆಗೆ ಹೋಗ್ಬೇಕಂದ್ರೆ ಕರ್ನಾಟಕದ ಮತದಾರ ಆಗಿರ್ಬೇಕಿತ್ತು. ಹೆಸರಿಗಾದ್ರೂ ಒಂದು ಬಾಡಿಗೆ ಮನೆ ವಿಳಾಸ ಕೊಡ್ಬೇಕಿತ್ತು. ಅದನ್ನ ತೆಗೆದ್ರು, ದೇಶದ ಎಲ್ಲಿಯ ಮತದಾರ ಆದ್ರೂ ಸಾಕು ಅಂದ್ರು. ಪತ್ರಕರ್ತ ಕುಲದೀಪ್ ನಯ್ಯರ್ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ್ರು, 2006ರಲ್ಲಿ ಕೋರ್ಟು ತಿದ್ದುಪಡಿ ಸರಿ ಇದೆ ಅಂತ ಹೇಳ್ತು. ಪರಿಣಾಮ ನಮ್ಮ ಲಿಸ್ಟ್ ನೋಡಿ. ನೆಲ್ಲೂರಿನ ವೆಂಕಯ್ಯ ನಾಯ್ಡು ಮೂರು ಸಲ ನಮ್ಮ ಕಡೆಯಿಂದ, ಅದ್ರಲ್ಲಿ ಮೊದಲನೇದು ತಿದ್ದುಪಡಿಗಿಂತ ಮುಂಚೆನೇ ಬಿಡಿ, ಹೇಮಾಮಾಲಿನಿ ಒಂದು ಸಲ, ನಿರ್ಮಲಾ ಸೀತಾರಾಮನ್, ಈಚೆಗೆ 2024ರಲ್ಲಿ ದಿಲ್ಲಿಯ ಅಜಯ್ ಮಾಕನ್. ಎಲ್ಲಾ ಪಾರ್ಟಿದೂ ಒಂದೇ ಕಥೆ, ಆ ಪಾರ್ಟಿ ಈ ಪಾರ್ಟಿ ಅಂತ ಕಾಮೆಂಟಲ್ಲಿ ಜಗಳಕ್ಕೆ ಬರ್ಬೇಡಿ. 2016ರಲ್ಲಿ ನಾಲ್ಕನೇ ಸಲ ವೆಂಕಯ್ಯನವ್ರು ಬರ್ತಾರೆ ಅಂದಾಗ "ವೆಂಕಯ್ಯ ಸಾಕಯ್ಯ" ಅಂತ ಕನ್ನಡಿಗರು ಆನ್‌ಲೈನಲ್ಲಿ ಎದ್ರಲ್ಲ ನೆನಪಿದೆಯಾ, ಅವ್ರು ರಾಜಸ್ಥಾನದಿಂದ ಹೋದ್ರು. ಮಜಾ ಅಂದ್ರೆ ಅದೇ ವೆಂಕಯ್ಯನವ್ರು ಆಮೇಲೆ ಸಭಾಪತಿ ಆಗಿ, ಸಂವಿಧಾನದ 22 ಭಾಷೆಯಲ್ಲೂ ಸದಸ್ಯರು ಮಾತಾಡೋ ಹಾಗೆ ಭಾಷಾಂತರದ ವ್ಯವಸ್ಥೆ 2018ರಲ್ಲಿ ಮಾಡಿಸಿದ್ರು. ಸಾಕಯ್ಯ ಅಂದಿದ್ದು ನಾವೇ, ಕನ್ನಡದಲ್ಲಿ ಮಾತಾಡಿ ಅಂತ ಹೇಳಿದ್ದು ಅವ್ರು. ನಮ್ಮೋರು ಎಷ್ಟು ಜನ ಮಾತಾಡ್ತಾರೆ ಅನ್ನೋದು ಬೇರೆ ವಿಷ್ಯ.

ಹೊರಗಿನೋರನ್ನೇ ಬಯ್ಯೋದು ಬೇಡ. ವಿಜಯ್ ಮಲ್ಯ ಎರಡು ಸಲ ಹೋಗಿದ್ದು ನಮ್ಮ ರಾಜ್ಯದಿಂದಲೇ, ನಮ್ಮೋರೇ. ಅದೇ ನಮ್ಮ ಮೆಳಿಗೆಯ ಅನಂತಮೂರ್ತಿಯವ್ರು 2006ರಲ್ಲಿ ರಾಜ್ಯಸಭೆಗೆ ನಿಂತು ಸೋತ್ರು. ಇದನ್ನ ಹೇಳಿದಾಗ ಅಂಗಳದಲ್ಲಿ ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ, ಸುಲಿಯೋ ಸದ್ದು ಮಾತ್ರ. ಜಿಲ್ಲೆಯಿಂದ ಯಾರೂ ಹೋಗಿಲ್ಲ ಅಂತಲ್ಲ, ಆಯನೂರು ಮಂಜುನಾಥ್ 2010ರಿಂದ 2016ರವರೆಗೆ ಅಲ್ಲಿದ್ರು.

ಸರಿ, ಮುಖ್ಯ ವಿಷಯಕ್ಕೆ ಬರ್ತೀನಿ, ಈ ಸರ್ವಿಸ್ ಮಾಡೋ ಕೆಲಸ ಎಂಥದು?

ನಾನು ಸೀಸನ್ ಶುರುವಲ್ಲಿ ಅಂದ್ಕೊಂಡಿದ್ದು ರಾಜ್ಯಸಭೆ ಅಂದ್ರೆ ರಾಜ್ಯಗಳ ಪರ ಮಾತಾಡೋ ಮನೆ ಅಂತ. ಹೆಸರೇ ಹಂಗಿದೆಯಲ್ಲ. ಎರಡು ವಾರ ನೋಡಿದ ಮೇಲೆ ಆ ಭ್ರಮೆ ಹೋಯ್ತು. ಕರ್ನಾಟಕದ ಇಬ್ರು ಎಂಪಿಗಳು ಬೇರೆ ಬೇರೆ ಪಾರ್ಟಿ ಆದ್ರೆ ಒಬ್ರು ಹೌದು ಅಂದಿದ್ದಕ್ಕೆ ಇನ್ನೊಬ್ರು ಅಲ್ಲ ಅಂತಾರೆ, ರಾಜ್ಯ ಅನ್ನೋದು ಎಲ್ಲಿಂದ ಬರತ್ತೆ ನಡುವೆ. ಅಮೆರಿಕದಲ್ಲಿ ಸಣ್ಣ ರಾಜ್ಯ ಇರ್ಲಿ ದೊಡ್ಡದಿರ್ಲಿ ಸೆನೆಟಿಗೆ ಇಬ್ಬಿಬ್ರು, ನಮ್ಮಲ್ಲಿ ಜನಸಂಖ್ಯೆ ಮೇಲೆ, ಉತ್ತರ ಪ್ರದೇಶಕ್ಕೆ 31, ಗೋವಾಕ್ಕೆ 1. ಕ್ಷೇತ್ರ ಮರುವಿಂಗಡಣೆ ಆದ್ರೆ ಲೋಕಸಭೆಯಲ್ಲಿ ದಕ್ಷಿಣದ ಪಾಲು ಕಮ್ಮಿ ಆಗತ್ತೆ ಅಂತ ಈಗ ಎಲ್ರೂ ಮಾತಾಡ್ತಾರಲ್ಲ, ಆಗ ರಾಜ್ಯಸಭೆ ನಮ್ಮನ್ನ ಕಾಯತ್ತೆ ಅಂತ ಯಾರಾದ್ರೂ ನಂಬಿದ್ರೆ, ಇಲ್ಲೂ ಲೆಕ್ಕ ಜನಸಂಖ್ಯೆದೇ ಅನ್ನೋದು ನೆನಪಿರ್ಲಿ. ರಾಜ್ಯಗಳಿಗೆ ಸಂಬಂಧಪಟ್ಟ ಹಾಗೆ ಇದಕ್ಕೇ ಅಂತ ಇರೋ ಅಧಿಕಾರ ಎರಡು. ರಾಜ್ಯಪಟ್ಟಿಯ ವಿಷಯದಲ್ಲಿ, ಅಂದ್ರೆ ಮಾಮೂಲಾಗಿ ರಾಜ್ಯಗಳೇ ಕಾನೂನು ಮಾಡೋ ವಿಷಯದಲ್ಲಿ, ಕೇಂದ್ರ ಕಾನೂನು ಮಾಡ್ಬೇಕಂದ್ರೆ ರಾಜ್ಯಸಭೆ ಮೂರನೇ ಎರಡು ಬಹುಮತದಲ್ಲಿ ನಿರ್ಣಯ ಮಾಡಿಕೊಡ್ಬೋದು, ಅದು 249ನೇ ವಿಧಿ. ಐಎಎಸ್ ಐಪಿಎಸ್ ತರ ಹೊಸ ಅಖಿಲ ಭಾರತ ಸೇವೆ ಮಾಡೋಕೂ ಇದರ ಒಪ್ಪಿಗೆ ಬೇಕು, 312ನೇ ವಿಧಿ. ನೋಡಿ, ಎರಡೂ ರಾಜ್ಯದ ಕೈಯಿಂದ ಕೇಂದ್ರಕ್ಕೆ ಕೊಡೋ ಬೀಗದ ಕೈಗಳೇ!

ಹಾಗಾದ್ರೆ ಕೆಲಸ ಏನು? ತಡ ಮಾಡೋದು. ಬಯ್ಗುಳ ಅಲ್ಲ ಇದು. ಸಂವಿಧಾನ ಸಭೆಯಲ್ಲಿ ಗೋಪಾಲಸ್ವಾಮಿ ಅಯ್ಯಂಗಾರ್ ಹೇಳಿದ್ದೂ ಅದೇ ಅರ್ಥದ ಮಾತು, ಆ ಕ್ಷಣದ ಆವೇಶದಲ್ಲಿ ಹುಟ್ಟಿದ ಕಾನೂನನ್ನ ಸ್ವಲ್ಪ ಹಿಡಿದು ನಿಲ್ಲಿಸೋಕೆ ಒಂದು ಮನೆ ಬೇಕು ಅಂತ. ಅಡಿಕೆ ಮನೆಯೋರಿಗೆ ಇದು ಹೇಳಿಕೊಡೋದೇ ಬೇಡ. ಸುಲಿದು ಬೇಯಿಸಿ ಒಣಗಿಸಿದ ಅಡಿಕೆನ ಹಾಗೇ ಮಂಡಿಗೆ ತಗೊಂಡೋಗ್ತೀರಾ? ಕೂತು ಆರಿಸ್ತೀವಿ, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು, ಇದಕ್ಕೆ ಸಿಪ್ಪೆ ಉಳಿದಿದೆ ಮತ್ತೆ ಕತ್ತಿಗೆ ಹಾಕು. ಆರಿಸೋಕೆ ಕೂತೋರು ಹೊಸ ಅಡಿಕೆ ಏನೂ ಬೆಳೆಯಲ್ಲ, ಟೈಮ್ ಹಿಡಿಯತ್ತೆ, ಮನೆ ಗಂಡಸ್ರಿಗೆ ಯಾವಾಗ್ಲೂ ಅವಸರ. ಆದ್ರೆ ಆರಿಸ್ದೆ ತಗೊಂಡೋದ್ರೆ ರೇಟ್ ಹೇಳುವಾಗ ಗೊತ್ತಾಗತ್ತೆ.

ಇದಕ್ಕೆ ನಮ್ಮ ಮಾವನೇ ಉದಾಹರಣೆ ಅಂತ ಗೊತ್ತಾದ ದಿನ ನನಗೆ ಹಬ್ಬ. 1989ರಲ್ಲಿ ರಾಜೀವ್ ಗಾಂಧಿ ಸರ್ಕಾರ ಪಂಚಾಯ್ತಿಗಳಿಗೆ ಸಂವಿಧಾನದ ಸ್ಥಾನ ಕೊಡೋಕೆ 64ನೇ ತಿದ್ದುಪಡಿ ಮಸೂದೆ ತಂತು. ಲೋಕಸಭೆಯಲ್ಲಿ ಅವ್ರಿಗೆ ಭಾರೀ ಬಹುಮತ, ಸಲೀಸಾಗಿ ಪಾಸಾಯ್ತು. ರಾಜ್ಯಸಭೆಗೆ ಬಂತು ನೋಡಿ, ಅಕ್ಟೋಬರಲ್ಲಿ ಅಲ್ಲಿ ಬಿದ್ದೇ ಹೋಯ್ತು, ಮೂರನೇ ಎರಡು ಬಹುಮತ ಕೂಡ್ಲಿಲ್ಲ. ರಾಜ್ಯ ಸರ್ಕಾರಗಳನ್ನ ಪಕ್ಕಕ್ಕೆ ಸರಿಸಿ ದಿಲ್ಲಿಯೋರು ನೇರ ಪಂಚಾಯ್ತಿಗೆ ಕೈ ಹಾಕ್ತಾರೆ ಅನ್ನೋದು ವಿರೋಧಿಗಳ ತಕರಾರು. ಕರ್ನಾಟಕದಲ್ಲಿ ಅಷ್ಟೊತ್ತಿಗೆ ಮಂತ್ರಿ ನಜೀರ್ ಸಾಬ್ರ ಕಾಲದ 1983ರ ಪಂಚಾಯ್ತಿ ಕಾನೂನು ಬಂದು, 1987ರಲ್ಲಿ ಜಿಲ್ಲಾ ಪರಿಷತ್ ಎಲೆಕ್ಷನ್ನೂ ಆಗಿತ್ತು, ನಮಗೆ ಇದು ಹೊಸದಲ್ಲ. ಆಮೇಲೆ ನರಸಿಂಹ ರಾವ್ ಸರ್ಕಾರ ಮತ್ತೆ ತಂದಿದ್ದು 73ನೇ ತಿದ್ದುಪಡಿ, ರಾಜ್ಯಗಳ ವಿವೇಚನೆಗೆ ಹೆಚ್ಚು ಜಾಗ ಬಿಟ್ಟು, 1992ರ ಡಿಸೆಂಬರಲ್ಲಿ ಪಾಸಾಗಿ 1993ರ ಏಪ್ರಿಲ್ 24ಕ್ಕೆ ಜಾರಿ. ಅದರ ಮೇಲೆ ನಮ್ಮ ರಾಜ್ಯದ 1993ರ ಕಾಯ್ದೆ, ಆ ಕಾಯ್ದೆಯ ಮೊದಲ ಎಲೆಕ್ಷನ್ನಲ್ಲೇ ನಮ್ಮ ಮಾವ ಮೆಂಬರ್ ಆಗಿದ್ದು. ನಾನು ಇದನ್ನ ಹೇಳಿದಾಗ ಮಾವ ಎಲೆ ಮೇಲೆ ಸುಣ್ಣ ಹಚ್ತಾ ಇದ್ರು, ಹಚ್ತಾನೇ ಇದ್ರು. ಆಮೇಲೆ, "ಅಂದ್ರೆ ನಾಲ್ಕು ವರ್ಷ ಮೊದ್ಲೇ ಮೆಂಬರ್ ಆಗ್ತಿದ್ದೆ ಅನ್ನು, ಅದನ್ನೂ ತಪ್ಪಿಸಿದ್ದು ಇವ್ರೇ ಅನ್ನು" ಅಂದ್ರು. ಈ ಮನುಷ್ಯನ್ನ ಗೆಲ್ಲೋಕಾಗಲ್ಲ.

ಮಾವನ ಪಾಯಿಂಟು ಪೂರ್ತಿ ತಳ್ಳಿಹಾಕೋ ಹಂಗೂ ಇಲ್ಲ. ತಡೆದಿದ್ದೆಲ್ಲಾ ಒಳ್ಳೇದಕ್ಕೇ ಅಂತ ಹೇಳೋಕಾಗಲ್ಲ. 1970ರಲ್ಲಿ ಹಳೇ ರಾಜರಿಗೆ ಸರ್ಕಾರ ಕೊಡ್ತಿದ್ದ ರಾಜಧನ ರದ್ದು ಮಾಡೋ ಮಸೂದೆ ರಾಜ್ಯಸಭೆಗೆ ಬಂದಾಗ ಪರ 149, ವಿರುದ್ಧ 75. ಮೂರನೇ ಎರಡು ಅಂದ್ರೆ 149 ದಾಟಿ ಚೂರು ಬೇಕಿತ್ತು, ಒಂದು ಓಟೂ ಅಲ್ಲ, ಓಟಿನ ತುಂಡು, ಅಷ್ಟಕ್ಕೆ ಬಿದ್ದು ಹೋಯ್ತು. ಮುಂದಿನ ವರ್ಷ ಇಂದಿರಾ ಗಾಂಧಿ ಎಲೆಕ್ಷನ್ ಗೆದ್ದು ಬಂದು ಮಾಡಿಯೇ ಬಿಟ್ರು. ಇನ್ನು ಉಲ್ಟಾ ಕಥೆನೂ ಇದೆ, ಮಹಿಳಾ ಮೀಸಲಾತಿ. ದೇವೇಗೌಡ್ರು ಪ್ರಧಾನಿ ಆಗಿದ್ದಾಗ 1996ರಲ್ಲಿ ಮೊದಲ ಸಲ ಬಂದ ಮಸೂದೆ ಅದು, ಗೌಡ್ರೂ ಆಗ ರಾಜ್ಯಸಭೆಯಿಂದಲೇ ಪಾರ್ಲಿಮೆಂಟಿಗೆ ಹೋಗಿದ್ದು. ಕೊನೆಗೆ 2010ರ ಮಾರ್ಚ್ 9ಕ್ಕೆ ರಾಜ್ಯಸಭೆ 186 ಓಟಲ್ಲಿ ಪಾಸ್ ಮಾಡಿ ಕಳಿಸ್ತು, ವಿರುದ್ಧ ಒಂದೇ ಒಂದು. ಕೆಳಮನೆಯಲ್ಲಿ ನಾಲ್ಕು ವರ್ಷ ಕೂತು 2014ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಸತ್ತು ಹೋಯ್ತು. ತಡ ಮಾಡೋದು ಮೇಲ್ಮನೆ ಒಂದರ ಗುತ್ತಿಗೆ ಅಲ್ಲ. 2023ರಲ್ಲಿ ಮತ್ತೆ ಬಂದು ಪಾಸಾಯ್ತು, ಜಾರಿ ಮಾತ್ರ ಜನಗಣತಿ, ಕ್ಷೇತ್ರ ವಿಂಗಡಣೆ ಆದ ಮೇಲೆ ಅಂತ ಕಾನೂನಲ್ಲೇ ಬರೆದಿದ್ದಾರೆ. ಅತ್ತೆ ಈ ಭಾಗ ಮಾತ್ರ ಎರಡು ಸಲ ಹೇಳಿಸಿಕೊಂಡ್ರು.

ಈಗ ನನ್ನ ದೊಡ್ಡ ದೂರು. ಆರಿಸೋಕೆ ಕೂರಿಸಿ ಬುಟ್ಟಿನೇ ಕೊಡದಿದ್ರೆ? ಹಣಕಾಸು ಮಸೂದೆ ಅಂತ ಲೋಕಸಭೆ ಸ್ಪೀಕರ್ ಸರ್ಟಿಫಿಕೇಟ್ ಕೊಟ್ಟುಬಿಟ್ರೆ ಮುಗೀತು, ರಾಜ್ಯಸಭೆ 14 ದಿನ ಇಟ್ಕೊಂಡು ಸಲಹೆ ಕೊಡ್ಬೋದು, ಸಲಹೆ ತಗೊಳ್ಳೋದು ಬಿಡೋದು ಕೆಳಮನೆ ಇಷ್ಟ. ಬಜೆಟ್ಟಿಗೆ ಹಂಗಿರ್ಲಿ, ದುಡ್ಡಿನ ವಿಷಯ ಜನ ನೇರ ಆರಿಸಿದೋರ ಕೈಲಿರ್ಲಿ, ಅದು ಸರಿ. ಆದ್ರೆ 2016ರಲ್ಲಿ ಆಧಾರ್ ಕಾನೂನನ್ನೇ ಹಣಕಾಸು ಮಸೂದೆ ಅಂತ ತಂದ್ರು. ರಾಜ್ಯಸಭೆ ತಿದ್ದುಪಡಿ ಸೂಚಿಸಿ ವಾಪಸ್ ಕಳಿಸ್ತು, ಲೋಕಸಭೆ ಎಲ್ಲಾ ತಳ್ಳಿಹಾಕ್ತು. ಚಿಕ್ಕಮಗಳೂರಲ್ಲಿ ಹುಟ್ಟಿದ ಜೈರಾಂ ರಮೇಶ್ ಇದನ್ನ ಸುಪ್ರೀಂ ಕೋರ್ಟಿಗೆ ತಗೊಂಡೋದ್ರು. 2018ರಲ್ಲಿ ಬಹುಮತದ ತೀರ್ಪು ಸರ್ಕಾರದ ಪರ, ಐದು ಜನರಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಒಬ್ರೇ ಇದು ಹಣಕಾಸು ಮಸೂದೆ ಅಲ್ಲ, ಮೇಲ್ಮನೆಯನ್ನ ದಾಟಿಸಿ ಹೋಗೋದು ಸರಿಯಲ್ಲ ಅಂತ ಭಿನ್ನ ತೀರ್ಪು ಬರೆದ್ರು. ಮುಂದಿನ ವರ್ಷ ಬೇರೆ ಕೇಸಲ್ಲಿ ಕೋರ್ಟೇ ಆ ಪ್ರಶ್ನೆನ ಇನ್ನೂ ದೊಡ್ಡ ಪೀಠಕ್ಕೆ ಕಳಿಸ್ತು. ಜಗಲಿಯಲ್ಲಿ ಕೂತು ನಾನು ಹೇಳೋದಿಷ್ಟೇ, ಗೇಟಿದೆ, ಪಕ್ಕದಲ್ಲಿ ಬೇಲಿ ಕಿತ್ತಿದೆ.

ಎರಡು ಮನೆಗೂ ಜಗಳ ಬಂದ್ರೆ ಜಂಟಿ ಅಧಿವೇಶನ ಅಂತ ಒಂದಿದೆ, ಆದ್ರೆ ಅಲ್ಲಿ ಲೋಕಸಭೆಯೋರು 543, ಇವ್ರು 245, ಫಲಿತಾಂಶ ಗೊತ್ತಿರೋದೇ. ಅದಕ್ಕೇ ಏನೋ ಇಲ್ಲಿವರೆಗೆ ಮೂರೇ ಸಲ ಆಗಿದೆ, 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕ್ ನೇಮಕಾತಿ ಆಯೋಗದ ಕಾನೂನು ರದ್ದಿಗೆ, 2002ರಲ್ಲಿ ಭಯೋತ್ಪಾದನೆ ತಡೆಯೋ ಪೋಟಾ ಕಾನೂನಿಗೆ. ಸಂವಿಧಾನ ತಿದ್ದುಪಡಿಗೆ ಮಾತ್ರ ಈ ದಾರಿ ಇಲ್ಲ, ಎರಡು ಮನೆಯಲ್ಲೂ ಬೇರೆ ಬೇರೆ ಪಾಸಾಗ್ಲೇಬೇಕು. ರಾಜ್ಯಸಭೆಗೆ ನಿಜವಾದ ಹಲ್ಲು ಇರೋದು ಅಲ್ಲಿ.

ಗಲಾಟೆ ಬಗ್ಗೆ ಹೇಳ್ದೆ ರಿವ್ಯೂ ಮುಗಿಸೋಕಾಗಲ್ಲ. ಹನ್ನೊಂದಕ್ಕೆ ಶುರು, ಹನ್ನೊಂದೂ ಹತ್ತಕ್ಕೆ ಕೂಗಾಟ, ಹನ್ನೆರಡಕ್ಕೆ ಮುಂದೂಡಿಕೆ, ಮತ್ತೆ ಎರಡಕ್ಕೆ, ಆಮೇಲೆ ನಾಳೆಗೆ. ಇಂಥ ದಿನಗಳಲ್ಲಿ ಪರದೆ ಮೇಲೆ ಸದನ ಮುಂದೂಡಲಾಗಿದೆ ಅನ್ನೋ ಬೋರ್ಡು, ನಮ್ಮ ಅಂಗಳದಲ್ಲಿ ಸೀರಿಯಲ್ ಹಾಕಿ ಅನ್ನೋ ಗಲಾಟೆ. 2020ರ ಸೆಪ್ಟೆಂಬರ್ 20ರ ಹಳೇ ವಿಡಿಯೋನೂ ಹುಡುಕಿ ನೋಡಿದ್ವಿ, ಕೃಷಿ ಮಸೂದೆ ಪಾಸಾದ ದಿನ. ಧ್ವನಿಮತದಲ್ಲಿ ಆಯ್ತು, ವಿರೋಧ ಪಕ್ಷದೋರು ಓಟಿಂಗ್ ಕೇಳಿದ್ರು, ಪುಸ್ತಕ ಹರಿದ್ರು ಮೈಕ್ ಎಳೆದ್ರು, ಮಾರನೇ ದಿನ ಎಂಟು ಜನ ಸಸ್ಪೆಂಡ್. ಕೃಷಿ ಅಂತ ಹೆಸರಿದ್ದ ಕಾನೂನಿಗೆ ಒಂದೊಂದು ಓಟು ಎಣಿಸ್ಬೇಕಿತ್ತು ಅಂತ ನನ್ನ ಅಭಿಪ್ರಾಯ, ಮೈಕ್ ಎಳೆದಿದ್ದನ್ನೂ ಒಪ್ಪಲ್ಲ. ಆರಿಸೋ ಜಾಗದಲ್ಲಿ ತೂರಾಡಿದ್ರೆ ಅಡಿಕೆ ಮಣ್ಣಾಗತ್ತೆ. ಕಾನೂನುಗಳು 2021ರಲ್ಲಿ ವಾಪಸ್ ಹೋದ್ವು. 2023ರ ಡಿಸೆಂಬರಲ್ಲಿ ಎರಡೂ ಮನೆ ಸೇರಿ 146 ಜನ ಸಸ್ಪೆಂಡ್ ಆಗಿದ್ರು, ಅವ್ರು ಹೊರಗಿರುವಾಗ್ಲೇ ಹಳೇ ಐಪಿಸಿ ಜಾಗಕ್ಕೆ ಹೊಸ ಕಾನೂನು ಬಂತು. ಆ ದಿನದ್ದು ನೋಡಿದ್ರೆ ಸದನ ಶಾಂತ, ಎಲ್ಲಾ ಚೆನ್ನಾಗಿ ಕೇಳಿಸತ್ತೆ, ಖಾಲಿ ಬೆಂಚುಗಳು. ಆಡಿಯೋ ಕ್ವಾಲಿಟಿಗೆ ಫುಲ್ ಮಾರ್ಕ್ಸ್ ಕೊಡ್ಬೋದು, ಅಷ್ಟೇ.

ಆದ್ರೆ ಶುಕ್ರವಾರ ಮಧ್ಯಾಹ್ನ ಎರಡೂವರೆ ಮಿಸ್ ಮಾಡ್ಬೇಡಿ. ಅದು ಖಾಸಗಿ ಸದಸ್ಯರ ಕೆಲಸದ ಹೊತ್ತು, ಅಂದ್ರೆ ಮಂತ್ರಿಗಳಲ್ಲದೋರು ತಾವೇ ಬರೆದ ಮಸೂದೆ ತರೋದು. ಹೆಚ್ಚಿನೋರು ಊರಿಗೆ ಹೊರಟಿರ್ತಾರೆ, ಉಳಿದೋರು ನಿಜವಾಗ್ಲೂ ಮಾತಾಡೋಕೆ ಕೂತೋರು, ಕೂಗಾಟ ಕಮ್ಮಿ. ಪಾಸಾಗೋದು ಅಪರೂಪ, ಎರಡೂ ಮನೆ ದಾಟಿ ಕಾನೂನಾದ ಖಾಸಗಿ ಮಸೂದೆ ಇಲ್ಲಿವರೆಗೆ 14, ಕೊನೇದು 1970ರಲ್ಲಿ. ಆದ್ರೆ 2015ರಲ್ಲಿ ತಮಿಳುನಾಡಿನ ತಿರುಚ್ಚಿ ಶಿವ ತಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಮಸೂದೆನ ರಾಜ್ಯಸಭೆ ಒಮ್ಮತದಿಂದ ಪಾಸ್ ಮಾಡ್ತು. ಲೋಕಸಭೆಯಲ್ಲಿ ಅದು ಮುಂದೆ ಹೋಗ್ಲಿಲ್ಲ, 2019ರಲ್ಲಿ ಸರ್ಕಾರ ತನ್ನದೇ ಒಂದು ತಂತು, ಸಮುದಾಯದೋರಿಗೆ ಅದು ಅಷ್ಟು ಸಮಾಧಾನ ಕೊಡ್ಲಿಲ್ಲ. ಆದ್ರೂ ಆ ಮಾತು ಮೊದ್ಲು ಸದನದೊಳಗೆ ಗಟ್ಟಿಯಾಗಿ ಬಂದಿದ್ದು ಒಂದು ಶುಕ್ರವಾರ.

ನಾಮಕರಣದ 12 ಜನರ ಬಗ್ಗೆ ನಂಗೆ ಎರಡು ಮನಸ್ಸು. ಸಚಿನ್ ತೆಂಡೂಲ್ಕರ್, ರೇಖಾ ಹಾಜರಾತಿ ತೀರಾ ಕಮ್ಮಿ ಇದ್ದ ವಿಷ್ಯ ಎಲ್ರಿಗೂ ಗೊತ್ತು. ನಮ್ಮ ಕಡೆಯಿಂದ ಧರ್ಮಸ್ಥಳದ ಹೆಗ್ಗಡೆಯವ್ರು 2022ರಲ್ಲಿ, ಸುಧಾ ಮೂರ್ತಿಯವ್ರು 2024ರಲ್ಲಿ ಹೋದ್ರು. ಹಳೇದು ಒಂದು ಹೇಳ್ತೀನಿ, ಮೈಸೂರಿನ ಆರ್.ಕೆ. ನಾರಾಯಣ್ ನಾಮಕರಣ ಆಗಿ ಹೋಗಿದ್ದಾಗ ಎದ್ದು ನಿಂತು ಮಾತಾಡಿದ್ದು ಸ್ಕೂಲ್ ಮಕ್ಕಳ ಬ್ಯಾಗಿನ ಭಾರದ ಬಗ್ಗೆ. ಆಮೇಲೆ ಸರ್ಕಾರ ಆ ಭಾರ ಇಳಿಸೋದು ಹೇಗೆ ಅಂತ ನೋಡೋಕೆ ಯಶ್‌ಪಾಲ್ ಸಮಿತಿನೂ ಮಾಡ್ತು. ಇಂಥ ಮಾತು ಎಲೆಕ್ಷನ್ ಗೆದ್ದು ಬಂದೋರ ಬಾಯಲ್ಲಿ ಬರೋದು ಕಷ್ಟ, ಮಕ್ಕಳಿಗೆ ಓಟಿಲ್ಲ. ಇದನ್ನ ಕೇಳಿ ನನ್ನ ಮಗಳು ತನ್ನ ಬ್ಯಾಗ್ ತಂದು ಅಡಿಕೆ ತೂಗೋ ತಕ್ಕಡಿಗೆ ಇಟ್ಳು, ಆರೂವರೆ ಕೆಜಿ ಬಂತು. ಸಮಿತಿ ಆಗಿ ಎಷ್ಟು ವರ್ಷ ಆಯ್ತು ಲೆಕ್ಕ ಹಾಕಿ.

ಇನ್ನೊಂದು, ಇದರ ಒಳ್ಳೇ ಭಾಗ ಟಿವಿಯಲ್ಲಿ ಬರೋದೇ ಇಲ್ಲ. ಇಲಾಖಾವಾರು ಸ್ಥಾಯಿ ಸಮಿತಿಗಳು 24 ಇದಾವೆ, ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಜನ, ಬಾಗಿಲು ಹಾಕ್ಕೊಂಡು ಕೂತು ಅಧಿಕಾರಿಗಳನ್ನ ಕರೆಸಿ ಪ್ರಶ್ನೆ ಕೇಳ್ತಾರೆ. ಕ್ಯಾಮೆರಾ ಇಲ್ಲ ಅಂತಲೇ ಅಲ್ಲಿ ಪಾರ್ಟಿ ಜಗಳ ಕಮ್ಮಿಯಂತೆ. ವರದಿಗಳು ನೆಟ್ಟಲ್ಲಿ ಸಿಗತ್ತೆ, ಓದೋಕೆ ಬೇಜಾರು, ಆದ್ರೆ ಭಾಷಣಕ್ಕಿಂತ ಉಪಯೋಗ.

ಯಾರು ನೋಡ್ಬೋದು? ಕೆಎಎಸ್, ಐಎಎಸ್ ಅಂತ ಓದೋ ಹುಡುಗ್ರು ಖಂಡಿತ ನೋಡಿ, ಶಿವಮೊಗ್ಗದಲ್ಲಿ ನಾನೂ ಒಂದು ಕಾಲದಲ್ಲಿ ಕೋಚಿಂಗ್‌ಗೆ ದುಡ್ಡು ಸುರಿದಿದ್ದೆ, ಅಲ್ಲಿ ರಾಜ್ಯಸಭೆ ಅಂದ್ರೆ 250, 238, 12 ಅಂತ ಮೂರು ನಂಬರ್ ಬಾಯಿಪಾಠ ಮಾಡಿಸಿ ಬಿಟ್ಟಿದ್ರು. ಈಗ ಇರೋದು 245 ಅಂತಲೂ ಯಾರೂ ಹೇಳಿರ್ಲಿಲ್ಲ. ಕೆಲಸ ಮಾಡ್ತಾ ಕೇಳೋರಿಗೂ ಒಳ್ಳೇದು. ಟಿವಿ ಮುಂದೆ ಸುಮ್ನೆ ಕೂತು ನೋಡ್ತೀನಿ ಅನ್ನೋರಿಗೆ ನಿದ್ದೆ ಗ್ಯಾರಂಟಿ. ಬಿಪಿ ಇರೋರು ಮೊದಲ ಒಂದು ಗಂಟೆ ಬಿಟ್ಟು ನೋಡಿ.

ಬಾಜಿ ಏನಾಯ್ತು ಅಂತ ಕೇಳ್ಬೋದು. ಮಾವ ಮುಚ್ಚೋದು ಬೇಡ ಅನ್ನೋವರೆಗೆ ಬಂದಿದ್ದಾರೆ, ಆದ್ರೆ ಮೂರು ಷರತ್ತು ಹಾಕಿದ್ದಾರೆ, ಕರ್ನಾಟಕದ ಸೀಟಿಗೆ ಕರ್ನಾಟಕದೋರೇ, ಸೋತೋರಿಗೆ ಎರಡು ವರ್ಷ ಟಿಕೆಟ್ ಇಲ್ಲ, ಹಣಕಾಸು ಮಸೂದೆ ಹೌದೋ ಅಲ್ಲವೋ ಹೇಳೋಕೆ ಸ್ಪೀಕರ್ ಜೊತೆ ಸಭಾಪತಿನೂ ಕೂರ್ಬೇಕು. ನಾನು ಮೊದಲನೇದು ಮೂರನೇದು ಒಪ್ಪಿದೆ, ಎರಡನೇದಕ್ಕೆ ಒಪ್ಪಲಿಲ್ಲ, ಸೋತೋರಲ್ಲೂ ಕೆಲಸಕ್ಕೆ ಬರೋರು ಇರ್ತಾರೆ. ಹಾಗಾಗಿ ಸೋಲು ಗೆಲುವು ಇನ್ನೂ ತೀರ್ಮಾನ ಆಗಿಲ್ಲ, ಬಾಜಿ ದುಡ್ಡು ಐನೂರು ಅತ್ತೆ ಹತ್ರನೇ ಇದೆ. ಕೇಳೋಕೆ ಹೋದ್ರೆ ಅತ್ತೆ, "ನಿಮ್ಮದು ಹಣಕಾಸು ಮಸೂದೆ ಅಂತ ಸರ್ಟಿಫಿಕೇಟ್ ಕೊಟ್ಟಿದೀನಿ, ಸಲಹೆ ಇದ್ರೆ 14 ದಿನದೊಳಗೆ ಹೇಳಿ" ಅಂತ ಒಳಗೆ ಹೋದ್ರು.